ರಾತ್ರಿಯೆಲ್ಲಾ ಟ್ಯಾಂಕ್ ಲೈಟ್ ಬಿಟ್ರೆ ಮೀನಿಗೆ ತೊಂದ್ರೆನಾ?

ಪ್ರಶ್ನೆ: ನಮಸ್ತೆ ಸರ್, ನಾವು ತುಮಕೂರು ಕ್ಯಾತ್ಸಂದ್ರದ ಹತ್ರ ಇರೋದು. ಹಾಲಲ್ಲಿ ಎರಡಡಿ ಟ್ಯಾಂಕ್ ಇದೆ, ಎಂಟು ನಿಯಾನ್ ಟೆಟ್ರಾ ಅನ್ನೋ ಪುಟ್ಟ ಬಣ್ಣದ ಮೀನು, ಗಾಜಿಗೆ ಬಾಯಿ ಅಂಟಿಸ್ಕೊಳ್ಳೋ ಸಕ್ಕರ್ ಮೀನು ಒಂದು. ಮಗನಿಗೆ ಐದು ವರ್ಷ, ಕತ್ಲೆ ಅಂದ್ರೆ ಭಯ, ಹಾಲಲ್ಲೇ ಅವ್ರಜ್ಜಿ ಜೊತೆ ಮಲಗ್ತಾನೆ ಅಂತ ಎರಡು ತಿಂಗಳಿಂದ ಟ್ಯಾಂಕ್ ಲೈಟೇ ರಾತ್ರಿಯೆಲ್ಲಾ ಬಿಟ್ಟಿರ್ತೀವಿ. ಈಗ ಟೆಟ್ರಾ ಎಲ್ಲಾ ಫಿಲ್ಟರ್ ಹಿಂದೆ ಅವಿತ್ಕೊಂಡಿರ್ತವೆ, ಬಣ್ಣ ಮಂಕಾಗಿದೆ, ಗಾಜೆಲ್ಲಾ ಹಸಿರು ಪಾಚಿ. ಅಂಗಡಿಯವ್ರು ಇನ್ನೂ ಜೋರಾಗಿರೋ ಎಲ್‌ಇಡಿ ಹಾಕಿ ಬಣ್ಣ ಬರುತ್ತೆ ಅಂದ್ರು. ಹಾಕ್ಲಾ?

ಉತ್ತರ: ಬೇಡ ಮೇಡಂ, ದಯವಿಟ್ಟು ಹಾಕ್ಬೇಡಿ. ನಿಮ್ಮ ಮೀನುಗಳಿಗೆ ಈಗ ಬೇಕಾಗಿರೋದು ಕತ್ಲೆ. ಮೀನಿಗೆ ರೆಪ್ಪೆ ಇಲ್ಲ, ನಮ್ಮ ಹಾಗೆ ಕಣ್ಣು ಮುಚ್ಚಿ ಬೆಳಕು ತಡೆಯೋಕಾಗಲ್ಲ, ಕತ್ಲಾದ್ಮೇಲೆ ಅದರ ಮೈಯಲ್ಲಿ ಮೆಲಟೋನಿನ್ ಅನ್ನೋ ಹಾರ್ಮೋನ್ ಜಾಸ್ತಿ ಆಗುತ್ತೆ, ಹಗಲು ಯಾವುದು ರಾತ್ರಿ ಯಾವುದು ಅಂತ ದೇಹಕ್ಕೆ ಗೊತ್ತಾಗೋದು ಅದರಿಂದ, ರಾತ್ರಿನೂ ಲೈಟ್ ಉರೀತಿದ್ರೆ ಅದು ಏರೋದೇ ಇಲ್ಲ. ಎರಡು ತಿಂಗಳು ಸರಿಯಾಗಿ ವಿಶ್ರಾಂತಿ ಇಲ್ದೆ ಇವೆ ಪಾಪ. ಅದರಲ್ಲೂ ನಿಯಾನ್ ಟೆಟ್ರಾ ಅಮೆಜಾನ್ ಕಡೆ ಕಾಡಿನ ನೆರಳಲ್ಲಿ ಹರಿಯೋ, ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿರೋ ನೀರಿನ ಮೀನು, ಜೋರು ಬೆಳಕೇ ಅದಕ್ಕೆ ಒಗ್ಗಲ್ಲ. ಸಕ್ಕರ್ ಇನ್ನೂ ಕಷ್ಟದಲ್ಲಿರುತ್ತೆ, ಅದು ಓಡಾಡಿ ತಿನ್ನೋದೇ ರಾತ್ರಿ.

ದಿನಕ್ಕೆ ಎಂಟು ಗಂಟೆ ಲೈಟ್ ಸಾಕು. ಮಗುಗೆ ಬೇರೆ ಜೀರೋ ಬಲ್ಬ್ ಹಾಕಿ, ಬೆಳಕು ಟ್ಯಾಂಕ್ ಮೇಲೆ ಬೀಳದ ಕಡೆ, ಇಲ್ಲಾಂದ್ರೆ ಟ್ಯಾಂಕಿನ ಮುಂದೆ ಒಂದು ದಪ್ಪ ಬಟ್ಟೆ ಇಳಿಬಿಡಿ, ಮೇಲ್ಗಡೆ ಮಾತ್ರ ಗಾಳಿಯಾಡೋಕೆ ಬಿಡ್ಬೇಕು. ಬೆಳಿಗ್ಗೆ ಎದ್ದ ತಕ್ಷಣ ಟ್ಯಾಂಕ್ ಲೈಟ್ ಒತ್ಬೇಡಿ, ಗಾಬರಿಯಾಗಿ ಗಾಜಿಗೆ ಹೊಡ್ಕೊಳ್ತವೆ. ಮೊದ್ಲು ಕಿಟಕಿ ತೆಗೀರಿ, ಅರ್ಧ ಗಂಟೆ ಬಿಟ್ಟು ಹಾಕಿ. ಆಗ ಬಣ್ಣ ಪೂರ್ತಿ ಪೇಲವ ಕಂಡ್ರೆ ಹೆದರ್ಬೇಡಿ, ಕತ್ಲಲ್ಲಿ ಟೆಟ್ರಾ ಬಣ್ಣ ಇಳಿಸ್ಕೊಳ್ಳೋದು ಸಹಜ, ಸ್ವಲ್ಪ ಹೊತ್ತಲ್ಲಿ ವಾಪಸ್ ಬರುತ್ತೆ. ಹಗಲೆಲ್ಲಾ ಮಂಕಾಗಿದ್ರೆ ಮಾತ್ರ ಯೋಚ್ನೆ ಮಾಡ್ಬೇಕು.

ಪಾಚಿಗೆ ಔಷಧಿ ಹಾಕ್ಬೇಡಿ. ಜಾಸ್ತಿ ಬೆಳಕು, ಮಿಕ್ಕಿದ ಆಹಾರ, ಇವೆರಡು ಕಮ್ಮಿ ಆದ್ರೆ ಅದೂ ಕಮ್ಮಿ ಆಗುತ್ತೆ, ಈಗಿರೋದನ್ನ ಕೆರೆದು ತೆಗೀರಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಅಂಗಡೀಲಿ ನೀಲಿ ಮೂನ್‌ಲೈಟ್ ಸಿಗುತ್ತಂತೆ, ರಾತ್ರಿ ಅದು ಹಾಕ್ಬಹುದಾ?

ಉತ್ತರ: ನೀಲಿ ಆದ್ರೂ ಬೆಳಕು ಬೆಳಕೇ ಮೇಡಂ. ಮಲಗೋ ಮುಂಚೆ ಅರ್ಧ ಗಂಟೆ ನೋಡೋಕೆ ಹಾಕಿ, ಆಮೇಲೆ ಆರಿಸ್ಬಿಡಿ.

ಇನ್ನೊಬ್ಬರ ಪ್ರಶ್ನೆ: ಅಣ್ಣ, ನಾನು ಟೈಮರ್ ಹಾಕಿದೀನಿ, ಆದ್ರೂ ಒಂದೊಂದ್ಸಲ ಮಧ್ಯರಾತ್ರಿವರೆಗೂ ಲೈಟ್ ಉರೀತಿರುತ್ತೆ. ನಮ್ದು ಶಿರಾ ಕಡೆ ಹಳ್ಳಿ, ಕರೆಂಟ್ ಹೋಗ್ತಾ ಬರ್ತಾ ಇರುತ್ತೆ.

ಉತ್ತರ: ನಿಮ್ದು ತಿರುಗಿಸೋ ಟೈಮರ್ ಇರ್ಬೇಕು ಬ್ರದರ್. ಕರೆಂಟ್ ಹೋದಾಗ ಅದೂ ನಿಂತ್ಬಿಡುತ್ತೆ, ಮೂರು ಗಂಟೆ ಹೋಗಿದ್ರೆ ಮೂರು ಗಂಟೆ ಲೇಟು. ಒಳಗೆ ಬ್ಯಾಟರಿ ಇರೋ ಡಿಜಿಟಲ್ ಟೈಮರ್ ತಗೊಳ್ಳಿ. ಯುಪಿಎಸ್ ಇದ್ರೆ ಲೈಟ್ ಅದಕ್ಕೆ ಕೊಡ್ಬೇಡಿ, ಏರ್ ಪಂಪ್ ಕೊಡಿ, ಮೀನು ಕತ್ಲಲ್ಲಿ ಇರುತ್ತೆ, ಆಕ್ಸಿಜನ್ ಇಲ್ದೆ ಇರಲ್ಲ. ಕಿಟಕಿ ಬಿಸಿಲು ನೇರ ಬೀಳೋ ಕಡೆ ಟ್ಯಾಂಕ್ ಇದ್ರೆ ಈಗ್ಲೇ ಜಾಗ ಬದಲಾಯಿಸಿ, ಏಪ್ರಿಲ್‌ನಲ್ಲಿ ನೀರು ಕಾಯುತ್ತೆ, ಕಾದ ನೀರಲ್ಲಿ ಆಕ್ಸಿಜನ್ ಕಮ್ಮಿ ಕರಗೋದು.

ಕ್ಯಾತ್ಸಂದ್ರ ಮೇಡಂಗೆ ಇನ್ನೊಂದು ಮಾತು. ಅವಿತ್ಕೊಳ್ಳೋಕೆ, ಬಣ್ಣ ಇಳಿಯೋಕೆ ನೀರು ಕೆಟ್ಟಿದ್ರೂ ಕಾರಣ ಆಗ್ಬಹುದು. ಇವತ್ತೇ ನೀರಿನ ಅಮೋನಿಯಾ, ನೈಟ್ರೈಟ್ ಟೆಸ್ಟ್ ಮಾಡಿ, ಮೀನಿನ ಗಲೀಜು, ಮಿಕ್ಕಿದ ಆಹಾರದಿಂದ ಆಗೋ ವಿಷ ಅವು, ಎರಡೂ ಸೊನ್ನೆ ಇರ್ಬೇಕು. ಇಲ್ಲಾಂದ್ರೆ ಕಾಲು ಭಾಗ ನೀರು ಬದಲಾಯಿಸಿ, ನಲ್ಲಿ ನೀರಾದ್ರೆ ಕ್ಲೋರಿನ್ ತೆಗೆದ ಮೇಲೇ ಟ್ಯಾಂಕಿಗೆ ಹಾಕಿ, ರೀಡಿಂಗ್ ಇಲ್ಲೇ ಬರೀರಿ, ನೋಡ್ತೀನಿ.