ಲಕ್ಸ್ ಅಳತೆಯನ್ನು ವ್ಯಾಟ್‌ಗೆ ತಿರುಗಿಸುವಲ್ಲಿ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಶಿರಸಿ ಸಮೀಪದ ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಹಸಿರು ನೆರಳು ಪರದೆ ಕಟ್ಟಿ ಕಾಳುಮೆಣಸಿನ ಸಸಿ ಮಾಡಿದ್ದೇನೆ. ಬೆಳಕು ಸಾಲುತ್ತದೆಯೇ ಎಂದು ನೋಡಲು ಲಕ್ಸ್ ಮೀಟರ್ ತಂದು ನಡುಮಧ್ಯಾಹ್ನ ಅಳೆದಾಗ ಅಂಗಳದ ಬಿಸಿಲಿನಲ್ಲಿ 98,000, ಪರದೆಯಡಿ 27,000 ಲಕ್ಸ್ ತೋರಿಸಿತು. ಲಕ್ಸ್ ಎಂದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಲ್ಯೂಮೆನ್, ಅಂದರೆ ಕಣ್ಣಿಗೆ ತೋರುವ ಬೆಳಕಿನ ಅಳತೆ. ನನಗೆ ಬೇಕಾಗಿರುವುದು ಚದರ ಮೀಟರಿಗೆ ಎಷ್ಟು ವ್ಯಾಟ್ ಎಂಬ ಲೆಕ್ಕ.

ಮೊದಲು 683ರಿಂದ ಭಾಗಿಸಿದೆ. ಅಂಗಳದ ಬಿಸಿಲಿಗೆ ಬರೀ 143 ವ್ಯಾಟ್ ಬಂದಿತು; ಒಣಹಾಕಿದ ಅಡಿಕೆಯನ್ನು ಕೈಯಲ್ಲಿ ಮುಟ್ಟಲಾಗದಂತೆ ಕಾಯಿಸುವ ಬಿಸಿಲು ಅಷ್ಟೇ ಎಂದರೆ ನಂಬುವುದು ಕಷ್ಟ. 683 ಲ್ಯೂಮೆನ್‌ಗೆ ಒಂದು ವ್ಯಾಟ್ ಎಂಬುದು ಕಣ್ಣಿಗೆ ಅತಿ ಹೆಚ್ಚು ತೋರುವ, 555 ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕಿಗೆ ಮಾತ್ರ ಸಲ್ಲುತ್ತದೆ ಎಂದು ಆಮೇಲೆ ತಿಳಿಯಿತು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳೂ ಸೇರಿರುವ ಬಿಸಿಲಿಗೆ ವ್ಯಾಟ್‌ಗೆ ಸುಮಾರು 100 ಲ್ಯೂಮೆನ್ ಹಿಡಿದರೆ 980 ವ್ಯಾಟ್ ಬರುತ್ತದೆ, ಅದು ಸರಿಯೆನಿಸುತ್ತದೆ.

ನಾನು ಸಿಕ್ಕಿಬಿದ್ದಿರುವುದು ಪರದೆಯಡಿಯ ಲೆಕ್ಕದಲ್ಲಿ. ಮೀಟರ್ ಬೆಳಕನ್ನು ನಮ್ಮ ಕಣ್ಣಿನಂತೆಯೇ ತೂಗುವುದರಿಂದ, ಹಸಿರು ಪರದೆಯಲ್ಲಿ ಸೋಸಿ ಬಂದ ಬೆಳಕಿನ ಬಣ್ಣಗಳ ಪ್ರಮಾಣ ಬದಲಾಗಿದ್ದರೆ ಅದೇ 100 ಅಲ್ಲಿ ಹೊಂದಲಾರದು. ಹಾಗಾದರೆ ಪರದೆಯಡಿಯ 27,000 ಲಕ್ಸ್‌ಗೆ ಯಾವ ಗುಣಕ ಬಳಸಬೇಕು, ಮತ್ತು ಬೆಳಕಿನ ಬಣ್ಣಗಳನ್ನು ಬಿಡಿಬಿಡಿಯಾಗಿ ಅಳೆಯುವ ಸ್ಪೆಕ್ಟ್ರೋಮೀಟರ್ ಇಲ್ಲದೆ ಅದನ್ನು ಕಂಡುಕೊಳ್ಳಲು ಸಾಧ್ಯವೇ?