ಏಳು ವಾರಕ್ಕೆ ಮೂರೂವರೆ ಕೆಜಿ ಏರಿದೆ, ಇದು ಮಸಲ್ಲಾ ಬೊಜ್ಜಾ?

ಸಾಲಗಾಮೆ ರಸ್ತೆಯವ:
ಹಾಸನದಲ್ಲಿ ಜಿಮ್ ಸೇರಿ ಏಳು ವಾರ ಆಯ್ತು. ವಯಸ್ಸು 26. ತೂಕ 68 ಇತ್ತು, ಈಗ 71.5. ತೋಳು ಗಟ್ಟಿಯಾಗಿದೆ, ಆದರೆ ಪ್ಯಾಂಟಿನ ಗುಂಡಿಯೂ ಬಿಗಿಯಾಗಿದೆ. ಮೂರು ವಾರದಿಂದ ಕ್ರಿಯೇಟಿನ್ (ಭಾರ ಎತ್ತೋಕೆ ಶಕ್ತಿ ಬರಲಿ ಅಂತ ಜಿಮ್ಮಿನವರು ತಗೊಳ್ಳೋ ಪುಡಿ) ತಗೊಳ್ತಿದ್ದೀನಿ. ಏರಿದ್ದು ಮಸಲ್ಲಾ ಬೊಜ್ಜಾ, ಹೇಗೆ ತಿಳಿಯೋದು? ಅನುಭವ ಇದ್ದವರು ಹೇಳಿ.

ತೋಟದಮನೆ, ಚಿಕ್ಕಮಗಳೂರು:
ನನ್ನ ಕಥೆ ಕೇಳಿ ಮಾರಾಯ್ರೆ. ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸಿತ್ತು. ಕೋಚ್ "ಮೊದಲು ಬಲ್ಕ್ ಮಾಡಿ, ಅಂದ್ರೆ ಚೆನ್ನಾಗಿ ತಿಂದು ತೂಕ ಏರಿಸಿ, ಆಮೇಲೆ ಇಳಿಸೋಣ" ಅಂದರು. ಲೆಕ್ಕ ಇನ್ನೂ ಡೈರಿಯಲ್ಲಿದೆ. ವರ್ಷದ ಫೀಸು 9,000. ವೇ ಪೌಡರ್ (ಹಾಲಿನ ಪ್ರೋಟೀನ್ ಪುಡಿ) 2 ಕೆಜಿ ಡಬ್ಬಿ 5,800, ಅಂಥವು ಮೂರು. ತೂಕ ಏರಿಸುವ ಪುಡಿ ಮಾಸ್ ಗೇನರ್ 3,200. ದಿನಕ್ಕೆ ಎಂಟು ಮೊಟ್ಟೆ, ತಿಂಗಳಿಗೆ 1,500ರ ಮೇಲೆ. ನಾಲ್ಕು ತಿಂಗಳಲ್ಲಿ 9 ಕೆಜಿ ಏರಿದೆ. ಕಂಡವರೆಲ್ಲ "ಬಾಡಿ ಬಂತಲ್ಲೋ" ಅಂದರು. ನಾನೂ ನಂಬಿದೆ. ತಂಗಿ ಮದುವೆಗೆ ಬಟ್ಟೆ ಹೊಲಿಸಲು ಹೋದಾಗ ದರ್ಜಿ ಟೇಪು ಸುತ್ತಿ, ಹಳೇ ಪುಸ್ತಕ ತೆಗೆದು ನೋಡಿದ. 32 ಇದ್ದ ಸೊಂಟ 36. ತೊಡೆ ಅರ್ಧ ಇಂಚು, ತೋಳು ಕಾಲು ಇಂಚು ಏರಿತ್ತು. ಏನೂ ಮಾತಾಡದೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡ. ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕೂತೇಳೋದು) 40 ಕೆಜಿಯಿಂದ 50ಕ್ಕೆ ಬಂದಿತ್ತು, ಅಷ್ಟೇ. ಮೂರನೇ ಡಬ್ಬಿ ಸೀಲ್ ಒಡೆಯದೆ ಅಟ್ಟದಲ್ಲಿದೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ.

ಬಿ.ಎಂ. ರಸ್ತೆ ಲೆಕ್ಕಿಗ:
ದರ್ಜಿ ಕೈಲಿ ಬಾಡಿ ಅಳೆಸುವ ಕಾಲ ಹೋಯ್ತು. ನಾನು ಬೆಂಗಳೂರಿಗೆ ಹೋಗಿ ಡೆಕ್ಸಾ ಸ್ಕ್ಯಾನ್ ಮಾಡಿಸಿದೆ. ಮೂಳೆ ಸವೆತ ನೋಡುತ್ತಾರಲ್ಲ, ಅದೇ ಯಂತ್ರ. ಬೊಜ್ಜು ಎಷ್ಟು, ಮೂಳೆ ಎಷ್ಟು, ಮಿಕ್ಕಿದ್ದೆಷ್ಟು ಅಂತ ಕೈಕಾಲು ಹೊಟ್ಟೆ ಬೇರೆ ಬೇರೆ ತೋರಿಸುತ್ತೆ. ಸ್ಕ್ಯಾನಿಗೆ 3,000, ಹೋಗಿಬರುವ ಖರ್ಚು 900, ಒಂದು ದಿನದ ರಜೆ. ಮೂರು ತಿಂಗಳು ಬಿಟ್ಟು ಮತ್ತೆ ಅಷ್ಟೇ. ತೂಕ 2 ಕೆಜಿ ಏರಿತ್ತು, ಅದರಲ್ಲಿ ಬೊಜ್ಜು 0.6. ಮಿಕ್ಕ 1.4 ಮಸಲ್. ಕಾಗದ ಇದೆ.

ತೋಟದಮನೆ, ಚಿಕ್ಕಮಗಳೂರು:
ದರ್ಜಿ ಒಂದು ಪೈಸೆಯನ್ನೂ ತಗೊಳ್ಳಲಿಲ್ಲ. ಕಾಗದಕ್ಕೆ ಫ್ರೇಮ್ ಹಾಕಿಸಿದ್ರಾ?

ಎರಡು ಮಕ್ಕಳ ತಾಯಿ, ಹಾಸನ:
ನಾನೂ ಯಂತ್ರ ನಂಬಿ ಕೆಟ್ಟವಳೇ. ಮೇಲೆ ನಿಂತರೆ ಬೊಜ್ಜಿನ ಶೇಕಡಾ ತೋರಿಸುವ ತಕ್ಕಡಿಗೆ 2,100 ಕೊಟ್ಟೆ. ಬೆಳಗ್ಗೆ 34, ಅದೇ ಸಂಜೆ 31. ನಡುವೆ ನಾನು ಮಾಡಿದ್ದು ಮುದ್ದೆ ಉಂಡು ನೀರು ಕುಡಿದದ್ದು. ಅಂಗಾಲಿನಿಂದ ಸಣ್ಣ ಕರೆಂಟು ಹಾಯಿಸಿ, ಮೈಯಲ್ಲಿರುವ ನೀರಿನ ಮೇಲೆ ಅಂದಾಜು ಮಾಡುತ್ತಂತೆ. ನೀರು ಬದಲಾದರೆ ಲೆಕ್ಕವೂ ಬದಲು. ಮುಟ್ಟಿನ ದಿನಗಳಲ್ಲಿ ತೂಕವೇ ಒಂದೂವರೆ ಕೆಜಿ ಏರುತ್ತೆ, ಅದನ್ನು ನೋಡಿ ಎಷ್ಟು ಸಲ ಊಟ ಬಿಟ್ಟಿದ್ದೀನೋ. ಈಗ ಒಂದು ದಾರ ಇಟ್ಟುಕೊಂಡಿದ್ದೀನಿ. ತಿಂಗಳಿಗೊಮ್ಮೆ, ಮುಟ್ಟು ಮುಗಿದ ಮೇಲೆ, ಹೊಕ್ಕುಳಿನ ಸುತ್ತ ತಂದು ಕೂಡುವಲ್ಲಿ ಗಂಟು. ಎಂಟು ತಿಂಗಳಲ್ಲಿ ಗಂಟು ನಾಲ್ಕು ಬೆರಳು ಒಳಗೆ ಬಂದಿದೆ. ತೂಕ ಅಂದೂ 63, ಇಂದೂ 63. ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ 20 ಕೆಜಿಯಿಂದ 60. ತುಂಬಿದ ಸಿಲಿಂಡರನ್ನು ನಾನೇ ಎತ್ತಿ ಒಳಗಿಡುತ್ತೀನಿ, ಯಜಮಾನರು ಬಾಗಿಲು ಹಿಡಿದು ನಿಂತಿರುತ್ತಾರೆ.

ಬಿ.ಎಂ. ರಸ್ತೆ ಲೆಕ್ಕಿಗ:
ಮೇಡಂ, ಅದು ಎರಡು ಸಾವಿರದ ತಕ್ಕಡಿ. ಡೆಕ್ಸಾಗೆ ಹೋಲಿಸಬೇಡಿ.

ಮಂಡಿ ಹೋದವ, ಬೇಲೂರು:
ಲೆಕ್ಕಿಗರೇ, ನಿಮ್ಮ 1.4 ಪೂರ್ತಿ ಮಸಲ್ ಅಲ್ಲ. ಡೆಕ್ಸಾದಲ್ಲಿ ಬೊಜ್ಜು, ಮೂಳೆ ಬಿಟ್ಟು ಮಿಕ್ಕಿದ್ದರಲ್ಲಿ ನೀರೂ ಸೇರಿರುತ್ತೆ. ಕ್ರಿಯೇಟಿನ್ ಒಂದೇ ಸಾಕು, ಒಂದೆರಡು ಕೆಜಿ ನೀರು ಹಿಡಿಯುತ್ತೆ. ಮಸಲ್ಲಿನಲ್ಲಿ ಗ್ಲೈಕೋಜನ್ (ಮೈ ಕೂಡಿಟ್ಟುಕೊಳ್ಳುವ ಸಕ್ಕರೆ) ಒಂದು ಗ್ರಾಂ ಕೂತರೆ ಜೊತೆಗೆ ಮೂರು ಗ್ರಾಂ ನೀರು. ಹೊಸದರಲ್ಲಿ ಮೈಕೈ ನೋವಿನ ಊತ ಬೇರೆ. ಎಷ್ಟು ತಿಂದು ಎತ್ತಿದರೂ ಹೊಸಬರಿಗೆ ತಿಂಗಳಿಗೆ ಒಂದು ಕೆಜಿ ಮಸಲ್ ದಾಟೋದು ಕಷ್ಟ.
ನಾನು ನಂಬಿದ್ದು ಎತ್ತುವ ಭಾರ ಒಂದನ್ನೇ. ಭಾರ ಏರಿದರೆ ಮಸಲ್ ಏರಿದ ಹಾಗೆ ಅಂತ. ಸ್ಕ್ವಾಟ್ 100 ಮಾಡಲೇಬೇಕು ಅಂತ ಹಟ. ಕೂರುತ್ತಿದ್ದದ್ದು ಅರ್ಧ, ಆಮೇಲೆ ಕಾಲುಭಾಗ, ಹಾಕುತ್ತಿದ್ದದ್ದು ಮಾತ್ರ ಜಾಸ್ತಿ. ತೊಡೆ ಒಂದು ದಾರದಷ್ಟೂ ಬೆಳೆಯಲಿಲ್ಲ. ಮಂಡಿ ಎಂಆರ್‌ಐಗೆ 6,500, ಫಿಸಿಯೋ 400ರಂತೆ 22 ದಿನ, ಆಟೋ ಬೇರೆ. ಇವತ್ತಿಗೂ ದೇವಸ್ಥಾನದ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಇಳಿಯುತ್ತೀನಿ.

ಬಿ.ಎಂ. ರಸ್ತೆ ಲೆಕ್ಕಿಗ:
ನಾನು ಕ್ರಿಯೇಟಿನ್ ಮುಟ್ಟಿಯೇ ಇಲ್ಲ. ಅರ್ಧ ಕೂತು ಮಂಡಿ ಕಳಕೊಂಡವರಿಂದ ಪಾಠ ಬೇಡ.

ಮಂಡಿ ಹೋದವ, ಬೇಲೂರು:
ಎರಡು ಸಲ ಬೆಂಗಳೂರಿಗೆ ಹೋಗಿ 7,800 ಸುರಿದು ಹೊಟ್ಟೆ ಇದೆಯಾ ಅಂತ ಕೇಳಿ ಬಂದವರಿಂದ ನನಗೂ ಬೇಡ.

ತೋಟದಮನೆ, ಚಿಕ್ಕಮಗಳೂರು:
ಅಲ್ಲಾ, ಹಾಸನದವರಿಗೆ ಹೊಟ್ಟೆ ಬರದೆ ಇನ್ನೇನು? ರಾತ್ರಿ ಎರಡು ಮುದ್ದೆ ನುಂಗಿ ಮಲಗೋದು.

ಎರಡು ಮಕ್ಕಳ ತಾಯಿ, ಹಾಸನ:
ಮುದ್ದೆಗೆ ಬರಬೇಡಿ. ಅಕ್ಕಿ ರೊಟ್ಟಿಗೆ ಅಂಗೈ ತುಂಬ ಬೆಣ್ಣೆ ಹಾಕಿಕೊಂಡು ಒಂಬತ್ತು ಕೆಜಿ ಏರಿಸಿದವರು ಯಾರು?

ತೋಟದಮನೆ, ಚಿಕ್ಕಮಗಳೂರು:
ಬೆಣ್ಣೆ ವಿಷಯ ನಾನು ಹೇಳಿಯೇ ಇಲ್ಲ ಅಕ್ಕ!

ಎರಡು ಮಕ್ಕಳ ತಾಯಿ, ಹಾಸನ:
ನನ್ನ ತವರು ಮೂಡಿಗೆರೆ.

ಸಾಲಗಾಮೆ ರಸ್ತೆಯವ:
ಟೇಪು ತಂದೆ. ಹೊಕ್ಕುಳಿನ ಮೇಲಾ ಕೆಳಗಾ? ಒಂದೊಂದು ಕಡೆ ಒಂದೊಂದು ಬರ್ತಿದೆ.

ಎರಡು ಮಕ್ಕಳ ತಾಯಿ, ಹಾಸನ:
ಹೊಕ್ಕುಳಿನ ನೇರಕ್ಕೇ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಉಸಿರು ಬಿಟ್ಟು. ಹೊಟ್ಟೆ ಒಳಗೆ ಎಳ್ಕೋಬೇಡ ಮಗಾ. ಗುಂಡಿ ಬಿಗಿ ಅಂದೆಯಲ್ಲ, ಮೂರು ವಾರ ಬರೆದಿಡು. ತೋಳಿನ ಜೊತೆ ಅದೂ ಏರುತ್ತಾ ಹೋದರೆ ಊಟ ಜಾಸ್ತಿಯಾಗಿದೆ.

ಬಿ.ಎಂ. ರಸ್ತೆ ಲೆಕ್ಕಿಗ:
ತೋಟದಮನೆಯವರೇ, ಆ ಸೀಲ್ ಒಡೆಯದ ಡಬ್ಬಿ ಯಾವ ಫ್ಲೇವರ್? ಡೇಟ್ ಇದ್ಯಾ? 4,000ಕ್ಕೆ ಕೊಡ್ತೀರಾ?

ತೋಟದಮನೆ, ಚಿಕ್ಕಮಗಳೂರು:
ಚಾಕಲೇಟು. ಮಾರ್ಚ್‌ವರೆಗೆ ಡೇಟ್ ಇದೆ. ನಿಮಗಾದರೆ 5,800, ಒಂದು ರೂಪಾಯಿ ಕಮ್ಮಿ ಇಲ್ಲ. ಕಾಗದ ಬೇಕಿದ್ದರೆ ಅದನ್ನೂ ಕೊಡ್ತೀನಿ.