ಅಪ್‌ಡೇಟ್: ರೈಟರ್ ವಿಂಡೋ ಕೊನೆಗೂ ತನ್ನ ಜಾಗಕ್ಕೆ ಬಂದಿದೆ
ಲಿನಕ್ಸ್‌ನಲ್ಲಿ ಲಾಗಿನ್ ಆದೊಡನೆ ಫೈರ್‌ಫಾಕ್ಸ್ ಎಡಕ್ಕೂ ಬರವಣಿಗೆಯ ತಂತ್ರಾಂಶ ಲಿಬ್ರೆಆಫೀಸ್ ರೈಟರ್ ಬಲಕ್ಕೂ ಕೂರಬೇಕೆಂದು ನಾನು ಬರೆದ ಸ್ಕ್ರಿಪ್ಟ್, ರೈಟರನ್ನು ಮಾತ್ರ ಕದಲಿಸುತ್ತಿಲ್ಲವೆಂದು ಕಳೆದ ವಾರ ಕೇಳಿದ್ದೆ. ಕಾರಣ ಸಿಕ್ಕಿದೆ. ರೈಟರ್ ಮ್ಯಾಕ್ಸಿಮೈಸ್ ಆಗಿಯೇ ತೆರೆದುಕೊಳ್ಳುತ್ತಿದ್ದುದರಿಂದ, ನಾನು ಕೊಟ್ಟ ಅಳತೆಯನ್ನು ವಿಂಡೋಗಳ ಜಾಗ, ಗಾತ್ರ ನೋಡಿಕೊಳ್ಳುವ ವಿಂಡೋ ಮ್ಯಾನೇಜರ್ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಈಗ ವಿಂಡೋಗಳನ್ನು ಕಮಾಂಡ್ ಕೊಟ್ಟು ನಿಯಂತ್ರಿಸುವ ಡಬ್ಲ್ಯೂಎಂಸಿಟಿಆರ್‌ಎಲ್ (wmctrl) ಮೂಲಕ ಮೊದಲು ಅಡ್ಡ ಮತ್ತು ಉದ್ದ, ಎರಡೂ ದಿಕ್ಕಿನ ಮ್ಯಾಕ್ಸಿಮೈಸ್ ಸ್ಥಿತಿಯನ್ನು ತೆಗೆದು, ಆನಂತರವೇ 1920 ಪಿಕ್ಸೆಲ್ ಅಗಲದ ಪರದೆಯಲ್ಲಿ 960ರಿಂದ ಆರಂಭವಾಗುವಂತೆ ಅದನ್ನು ಕೂರಿಸುತ್ತಿದ್ದೇನೆ. ವಿಂಡೋ ತೆರೆಯಲೆಂದು ಸ್ಕ್ರಿಪ್ಟನ್ನು ಐದು ಸೆಕೆಂಡು ಕಾಯಿಸುತ್ತಿದ್ದ ಸ್ಲೀಪ್ ಸಾಲನ್ನೂ ಅಳಿಸಿದ್ದೇನೆ. ವಿಂಡೋಗಳನ್ನು ಹುಡುಕಿಕೊಡುವ ಇನ್ನೊಂದು ಸಾಧನ ಎಕ್ಸ್‌ಡೂಟೂಲ್‌ನ (xdotool) ಹುಡುಕಾಟಕ್ಕೆ ಸಿಂಕ್ (--sync) ಆಯ್ಕೆ ಕೊಟ್ಟರೆ ವಿಂಡೋ ಕಾಣಿಸಿಕೊಳ್ಳುವವರೆಗೆ ಸ್ಕ್ರಿಪ್ಟ್ ತಾನಾಗಿ ಕಾಯುತ್ತದೆ, ಹಳೆಯ ಯಂತ್ರಗಳಿಗೆ ಇದೇ ಮೇಲು. ಇದು ಲಿನಕ್ಸ್‌ನಲ್ಲಿ ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11 ಸೆಷನ್‌ಗೆ ಮಾತ್ರ ಅನ್ವಯಿಸುತ್ತದೆ. ಅದರ ಜಾಗಕ್ಕೆ ಬಂದಿರುವ ಹೊಸ ವ್ಯವಸ್ಥೆ ವೇಲ್ಯಾಂಡ್‌ನ ಸ್ವಂತ ವಿಂಡೋಗಳು ಈ ಎರಡು ಸಾಧನಗಳಿಗೂ ಕಾಣುವುದೇ ಇಲ್ಲ.